ಬಿಸಿಲಿಗೆ ಕಾದ ಗೂಡು

ರಾಮನಗರವನ್ನು ಇನ್ನೂ ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದ ಕಾಲ. ಅಲ್ಲಿನ ಪುಟ್ಟ ಪ್ರಾರ್ಥನಾಲಯದ ಹಿಂಗೋಡೆಗೆ ಒತ್ತಿಕೊಂಡಿದ್ದ ಒಂದು ಕೋಣೆಯಲ್ಲಿ ಲೀಯಮ್ಮ ಒಬ್ಬಳೇ ಇದ್ದಳು. ಗಂಡ ಯೋನಪ್ಪ ಉಪದೇಶಿಯಾಗಿದ್ದ. ಮಾಗಡಿ ಕಡೆಯ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಬೋಧಿಸುತ್ತಿದ್ದವನು ಒಂದು ಬೇಸಿಗೆಯಲ್ಲಿ ಜ್ವರ ಹಿಡಿದು ಮಲಗಿ ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಸಭೆಯವರು ಕೋಣೆ ಬಿಡಿಸಲಿಲ್ಲ, ಅಷ್ಟರ ಮಟ್ಟಿಗೆ ನೆರಳಿತ್ತು.

ಆ ಕೋಣೆಯೊಳಗೆ ಕಾಲಿಡಲು ಜನ ಹಿಂಜರಿಯುತ್ತಿದ್ದರು. ಚೊಂಬುಗಳು ನೂಲು ಹಿಡಿದಂತೆ ಒಂದೇ ಸಾಲಿನಲ್ಲಿ, ಚಾಪೆಯ ಅಂಚು ಗೋಡೆಗೆ ಸಮನಾಗಿ, ನೆಲದಲ್ಲಿ ಒಂದು ಕೂದಲಿಲ್ಲ. ಸಭೆಯ ಮುದುಕಿ ಚಿನ್ನಮ್ಮ ಒಮ್ಮೆ ಬಾವಿಯ ಬಳಿ ನಗುತ್ತಾ ಹೇಳಿದ್ದಳು: "ಅವ್ಳ ಮನೇಲಿ ನೀರು ಕುಡ್ಯಾಕೂ ಭಯ ಕಣವ್ವ. ಒಂದು ತೊಟ್ಟು ಬಿದ್ರೆ ಸಾಕು, ಬಟ್ಟೆ ಹಿಡ್ಕೊಂಡು ಹಿಂದೇನೇ ಬತ್ತಾಳೆ!" ಆ ಮಾತು ಲೀಯಮ್ಮನ ಕಿವಿಗೆ ಬಿತ್ತು. ಇನ್ನು ಮೇಲೆ ಯಾರು ಬಂದರೂ ಬಟ್ಟೆ ಎತ್ತಿಕೊಳ್ಳಬಾರದು ಎಂದು ನಿಶ್ಚಯಿಸಿಕೊಂಡಳು. ಆದರೆ ಅದನ್ನು ಪರೀಕ್ಷಿಸಿಕೊಳ್ಳಲು ಯಾರೂ ಬರಲಿಲ್ಲ.

ಧಾತು ವರ್ಷದ ಬರದಲ್ಲಿ ರಸ್ತೆಯ ಬದಿ ಸಿಕ್ಕ ಮಗು ಅವಳು. ಪಾದ್ರಿಗಳ ಬಂಡಿ ಎತ್ತಿಕೊಂಡು ಹೋಗಿ ದೂರದ ಅನಾಥಶಾಲೆಗೆ ಸೇರಿಸಿತು. ಅನ್ನ ಸಿಕ್ಕಿತು, ಲೀಯಾ ಎಂಬ ಹೆಸರು ಸಿಕ್ಕಿತು, ಅಕ್ಷರ ಸಿಕ್ಕಿತು. ಹೊಲಿಗೆಯ ದಿನ ಅಲ್ಲಿನ ದೊರೆಸಾನಿ ಕನ್ನಡಕ ಏರಿಸಿಕೊಂಡು ಒಂದೊಂದು ಹೊಲಿಗೆಯನ್ನೂ ಬೆರಳಿಟ್ಟು ನೋಡುತ್ತಿದ್ದಳು. ಓರೆಯಾಗಿದ್ದರೆ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಎಲ್ಲರೆದುರು ಬಿಚ್ಚಿಸುತ್ತಿದ್ದಳು, ಅಷ್ಟೆ. ಮನೆಯಿದ್ದ ಮಕ್ಕಳಿಗೆ ಅದು ಬರೀ ಹೊಲಿಗೆ. ರಸ್ತೆಯಿಂದ ಬಂದ ಮಗುವಿಗೆ ಹಾಗಲ್ಲ. ಓರೆ ಹೊಲಿದವರನ್ನು ಮತ್ತೆ ರಸ್ತೆಗೆ ಬಿಡುತ್ತಾರೆ ಎಂದು ಆ ಮಗು ತನ್ನಷ್ಟಕ್ಕೆ ತಾನೇ ತಿಳಿದುಕೊಂಡಿತು. ಹಾಗೆಂದು ಯಾರೂ ಹೇಳಿರಲಿಲ್ಲ. ಹಾಗಲ್ಲ ಎಂದೂ ಯಾರೂ ಹೇಳಲಿಲ್ಲ.

ದೇವರು ನಮ್ಮ ತಲೆಯ ಕೂದಲನ್ನೂ ಎಣಿಸಿಟ್ಟಿದ್ದಾನೆ ಎಂದು ಪಾಠ ಹೇಳಿಕೊಟ್ಟಾಗ ಉಳಿದ ಹುಡುಗಿಯರು ಸಂತೋಷಪಟ್ಟರು. ಲೀಯಾ ತಲೆಗೆ ಸೆರಗು ಎಳೆದುಕೊಂಡಳು. ಹೊಲಿಗೆ ಎಣಿಸುವವರು ಒಬ್ಬರೇ ಸಾಲದೆ ಮೇಲೊಬ್ಬ ಕೂದಲು ಎಣಿಸುವವನೂ ಇದ್ದಾನಲ್ಲ ಎಂದು ಅವಳಿಗೆ ದಿಗಿಲಾಗಿತ್ತು. ಆ ದಿಗಿಲನ್ನೇ ಭಕ್ತಿ ಎಂದುಕೊಂಡು ನಲವತ್ತರ ಹತ್ತಿರ ಬಂದಿದ್ದಳು. ಪ್ರಾರ್ಥನೆಯನ್ನು ಕೂಡ ಮೊದಲು ಮನಸ್ಸಿನಲ್ಲಿ ಜೋಡಿಸಿಕೊಂಡು, ತಿದ್ದಿ, ಶುದ್ಧವಾದ ಪುಸ್ತಕದ ಕನ್ನಡದಲ್ಲಿ ಒಪ್ಪಿಸುತ್ತಿದ್ದಳು. ಮಧ್ಯೆ ತಡವರಿಸಿದರೆ ಮತ್ತೆ ಮೊದಲಿನಿಂದ.

ಊರಿನಲ್ಲಿ ಅವಳಿಗೆ ತೆರೆದಿದ್ದದ್ದು ಒಂದೇ ಬಾಗಿಲು. ಅದು ಹಿಂದಿನ ಬೀದಿಯ ರಹೀಮಾಳ ಮನೆ. ರಹೀಮಾಳ ಅತ್ತೆ ಕರೀಮುನ್ನೀಸಾ, ಯೋನಪ್ಪ ಸತ್ತ ವರ್ಷ ಲೀಯಮ್ಮನನ್ನು ಕರೆದು ಹಿತ್ತಲ ಚಪ್ಪರದಲ್ಲಿ ರೇಷ್ಮೆ ಬಿಚ್ಚುವುದನ್ನು ಕಲಿಸಿದ್ದಳು. ಕುದಿವ ನೀರಿನ ಬಾಂಡಲಿಯ ಮುಂದೆ ಲೀಯಮ್ಮ ಕೂತು ಗೂಡುಗಳ ಎಳೆ ಹಿಡಿದು ಕೂಡಿಸುವಳು. ಎದುರಿಗೆ ರಹೀಮಾ ಚಕ್ರ ತಿರುಗಿಸುವಳು. ಲೀಯಮ್ಮ ಬಿಚ್ಚಿದ ನೂಲಿನಲ್ಲಿ ಗಂಟಿಲ್ಲ, ದಪ್ಪ ತೆಳುವಿಲ್ಲ ಎಂದು ಮಗ್ಗದವರು ಹುಡುಕಿಕೊಂಡು ಬರುತ್ತಿದ್ದರು.

"ನಿನ್ನ ನೂಲು ನೋಡಿದ್ರೆ ನಂಗೆ ನಿದ್ದೆ ಬತ್ತದೆ ಕಣಕ್ಕ. ಏರಿಲ್ಲ ಇಳಿತಿಲ್ಲ," ಎಂದು ರಹೀಮಾ ಛೇಡಿಸುವಳು. "ಒಂದಿನ ಒಸಿ ಗಂಟು ಹಾಕು, ನಾನೂ ಎಚ್ಚರ ಇರ್ತೀನಿ." ಲೀಯಮ್ಮ ನಗುತ್ತಿದ್ದಳು. ವಾರದಲ್ಲಿ ಅವಳು ನಗುತ್ತಿದ್ದದ್ದು ಆ ಚಪ್ಪರದಲ್ಲಿ ಮಾತ್ರ.

ಆ ವರ್ಷದ ಮಳೆಗಾಲದ ಕೊನೆಗೆ ರಹೀಮಾಳ ಮಗಳು ಇಸ್ಮತ್‌ಳ ಮದುವೆ ಗೊತ್ತಾಯಿತು. ಮದುಮಗಳ ದುಪಟ್ಟಾಕ್ಕೆ ಎಂದು ಸೋದರಮಾವ ಹುಸೇನ್ ಕಾನಕಾನಹಳ್ಳಿ ಕಡೆಯ ತನ್ನ ಮನೆಯಲ್ಲೇ ಹುಳು ಮೇಯಿಸಿ, ಆಯ್ದ ಗೂಡುಗಳನ್ನು ಬುಟ್ಟಿಯಲ್ಲಿ ಹೊತ್ತು ತಂದ. ಮದುವೆ ಮನೆಯ ಗಲಾಟೆಯಲ್ಲಿ ಬೆರೆತುಹೋದಾವು ಎಂದು ಲೀಯಮ್ಮನೇ ಅವನ್ನು ಕೋಣೆಗೆ ಒಯ್ದಳು.

ಗೂಡಿನ ಕೆಲಸ ಬಲ್ಲವರಿಗೆಲ್ಲ ಒಂದು ಸಂಗತಿ ಗೊತ್ತು. ಒಳಗಿನ ಹುಳುವನ್ನು ಹೊತ್ತಿಗೆ ಸರಿಯಾಗಿ ಬಿಸಿ ತಾಗಿಸಿ ಕೊಲ್ಲದಿದ್ದರೆ ಅದು ರೆಕ್ಕೆ ಬಂದು ಗೂಡು ತೂತು ಮಾಡಿಕೊಂಡು ಹೊರಬೀಳುತ್ತದೆ. ತೂತಾದ ಗೂಡಿನಿಂದ ಎಳೆ ಬರುವುದಿಲ್ಲ. ಊರಿನವರು ಕುದಿವ ಹಂಡೆಯ ಮೇಲೆ ಬುಟ್ಟಿ ಇಟ್ಟು ಹಬೆ ಹಿಡಿಸುತ್ತಿದ್ದರು. ಹಬೆಯಿಂದ ಬಣ್ಣ ಒಂದು ಕೂದಲೆಳೆಯಷ್ಟು ಮಂಕಾಗುತ್ತದೆ ಎಂದು ಲೀಯಮ್ಮನ ಎಣಿಕೆ. ಒಳ್ಳೆಯ ಬಿಸಿಲಲ್ಲಿ ಹರಡಿದರೆ ಹೊಳಪು ಹಾಗೇ ನಿಲ್ಲುತ್ತದೆ. ಇಸ್ಮತ್‌ಳ ದುಪಟ್ಟಾ ಮಂಕಾಗಬಾರದು.

ಆದರೆ ಮೋಡ ಕವಿದಿತ್ತು. ರಾಮಗಿರಿಯ ಬಂಡೆಗಳು ಬೆಳಿಗ್ಗೆಯಿಂದ ಸಂಜೆಯವರೆಗೂ ಒದ್ದೆ ಎಮ್ಮೆಗಳಂತೆ ಮಲಗಿದ್ದವು.

"ಹಬೆ ಹಿಡ್ಸಿದ್ಯೇನಕ್ಕ?" ಎಂದು ರಹೀಮಾ ಕೇಳಿದಳು.

"ನಾಳೆ ಬಿಸಿಲು ಬರುತ್ತದೆ, ರಹೀಮಾ."

"ಬಿಸಿಲು ನಿಂಗೇನು ಚೀಟಿ ಬರ್ದೈತಾ? ಹಬೆ ಹಿಡ್ಸು, ಸಾಕು."

ಲೀಯಮ್ಮ ಕಾದಳು. ಕಾಯುತ್ತಾ ಗೂಡುಗಳನ್ನು ಬಣ್ಣಕ್ಕೆ ಬಣ್ಣ, ಗಾತ್ರಕ್ಕೆ ಗಾತ್ರ ವಿಂಗಡಿಸಿದಳು, ಮತ್ತೆ ಕೂಡಿಸಿದಳು, ಮತ್ತೆ ವಿಂಗಡಿಸಿದಳು. ಒಂದು ಮಧ್ಯಾಹ್ನ ಮೋಡ ಸ್ವಲ್ಪ ಹರಿದು ಬೆಳಕು ಬಿತ್ತು. ಮೊರ ಎತ್ತಿಕೊಂಡು ಅಂಗಳಕ್ಕೆ ಓಡಿದಳು. ಮೊರ ನೆಲಕ್ಕಿಡುವಷ್ಟರಲ್ಲಿ ಮತ್ತೆ ಹನಿಯಿತು. ಹೊತ್ತು ಮೀರುತ್ತಿದೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದಕ್ಕೇ ನಿದ್ದೆ ಇರಲಿಲ್ಲ. ಆದರೂ ಹಂಡೆಗೆ ಬೆಂಕಿ ಹಾಕಲು ಕೈ ಏಳಲಿಲ್ಲ. ಹಬೆ ಹಿಡಿಸಿದರೆ ಆ ಮಂಕು ತನ್ನದಾಗುತ್ತದೆ. ಕಾದರೆ, ಇನ್ನೂ ಯಾವ ತಪ್ಪೂ ಆಗಿಲ್ಲ.

ಶನಿವಾರ ಬೆಳಿಗ್ಗೆ ಒಣ ಎಲೆ ಸರಿದಾಡಿದಂತೆ ಸದ್ದು ಕೇಳಿತು. ಮೊರದ ತುಂಬ ಬಿಳಿಯ ಚಿಟ್ಟೆಗಳು ನಡುಗುತ್ತಾ, ರೆಕ್ಕೆ ಬಡಿಯುತ್ತಾ, ಒಂದರ ಹಿಂದೊಂದು ಹರಿದಾಡುತ್ತಿದ್ದವು. ಗೂಡುಗಳ ತುದಿಯಲ್ಲಿ ಕಂದು ಬಣ್ಣದ ಒದ್ದೆ ತೂತು.

ಲೀಯಮ್ಮ ಬಾಗಿಲು ಹಾಕಿ ಅಗುಳಿ ಜಡಿದಳು.

ಸಂಜೆ ಯಾರೋ ಬಾಗಿಲು ತಟ್ಟಿದರು. "ಅಕ್ಕಾ, ಚಪ್ಪರದ ಕಡೆ ಬರ್ಲೇ ಇಲ್ವಲ್ಲ, ಜ್ವರವೇನು?" ರಹೀಮಾಳ ದನಿ. ಲೀಯಮ್ಮ ಉಸಿರು ಬಿಗಿಹಿಡಿದು ಮೂಲೆಯಲ್ಲಿ ಕೂತಳು. "ಮಲ್ಗವ್ಳೆ ಅನ್ಸುತ್ತೆ," ಎಂದು ಗೊಣಗಿಕೊಂಡು ಹೆಜ್ಜೆಗಳು ದೂರವಾದವು. ಇನ್ನು ರಹೀಮಾಳ ಮನೆಯ ಬಾಗಿಲು ತನಗೆ ಮುಚ್ಚಿದಂತೆಯೇ ಎಂದು ಲೀಯಮ್ಮ ಅಂದುಕೊಂಡಳು. ಅವರಾಗಿ ಹೊರಗೆ ಹಾಕುವ ಮೊದಲು ತಾನೇ ಹೋಗಿಬಿಡಬೇಕು. ಎಲ್ಲಿಗೆ ಎಂಬುದು ಮಾತ್ರ ಹೊಳೆಯಲಿಲ್ಲ.

ಮಾರನೆಯ ದಿನ ಭಾನುವಾರ. ಚನ್ನಪಟ್ಟಣದಿಂದ ಪಾದ್ರಿ ಅಯ್ಯಗಾರರು ಬಂದು ರೊಟ್ಟಿ, ದ್ರಾಕ್ಷಾರಸದ ಪ್ರಭುವಿನ ಭೋಜನ ಕೊಡುವ ದಿನ. ಲೀಯಮ್ಮ ಹೋಗಲಿಲ್ಲ. ನೆರೆಯವರೊಡನೆ ಸಮಾಧಾನದಿಂದ ಇರುವವರು ಬನ್ನಿ ಎಂದು ಅಯ್ಯಗಾರರು ಕರೆದದ್ದು ಗೋಡೆಯಾಚೆಯಿಂದ ಕೇಳಿತು. ಅವಳು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೇ ಇದ್ದಳು. ತಾನಿಲ್ಲವೆಂದು ಯಾರಾದರೂ ಕೇಳಿಯಾರೇ ಎಂದು ಕಿವಿ ಕೊಟ್ಟಳು. ಕೇಳಿದರೋ ಇಲ್ಲವೋ, ಗೋಡೆ ದಪ್ಪಗಿತ್ತು.

ಆಮೇಲೆ ಕೀರ್ತನೆ ಶುರುವಾಯಿತು. ಪ್ರತಿ ವಾರ ರಾಗ ಎತ್ತಿ ಕೊಡುವವಳು ಲೀಯಮ್ಮ. ಯಾರಾದರೂ ಹಿಂದೆ ಬಿದ್ದರೆ ತಿರುಗಿ ನೋಡುವಳು, ಆ ನೋಟಕ್ಕೇ ಅರ್ಧ ಜನ ತುಟಿ ಮಾತ್ರ ಅಲ್ಲಾಡಿಸುತ್ತಿದ್ದರು. ಇವತ್ತು ಎತ್ತಿ ಕೊಡುವವರಿಲ್ಲ. ಗಂಡಸರ ಸಾಲಿನಿಂದ ಮುನಿಶಾಮಯ್ಯ ಎಲ್ಲೋ ಪಾತಾಳದಲ್ಲಿ ರಾಗ ಹಿಡಿದ. ಹೆಂಗಸರು ಇನ್ನೆಲ್ಲೋ ಮೇಲೆ ಸೇರಿಕೊಂಡರು. ಚಿನ್ನಮ್ಮ ಒಂದು ಸಾಲು ಹಿಂದೆ ಉಳಿದು, ಎಲ್ಲರೂ ಮುಗಿಸಿದ ಮೇಲೂ ತನ್ನ ಪಾಡಿಗೆ ತಾನು ಹಾಡಿಕೊಂಡು ಬಂದಳು. ಎಲ್ಲರೂ ಅವಳಿಗಾಗಿ ನಿಂತರು. ಅವಳು ಮುಗಿಸಿದ ಮೇಲೆ ಮುಂದಿನ ಚರಣ.

ಲೀಯಮ್ಮನ ಬೆರಳುಗಳು ಮೊದಲು ತಾಳ ತಿದ್ದಲು ಹೋದವು. ಆಮೇಲೆ ಸುಮ್ಮನಾದವು. ಇಷ್ಟು ಜೋರಾಗಿ ಇವರು ಹಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಹಳ್ಳಿಯಿಂದ ನಡೆದು ಬಂದವರು, ಅಕ್ಷರ ಬಾರದವರು, ಈ ಓರೆಕೋರೆ ಹಾಡನ್ನು ತಂದು ಒಪ್ಪಿಸುತ್ತಿದ್ದಾರೆ. ಯಾರೂ ಬಿಚ್ಚಿಸುತ್ತಿಲ್ಲ. ಹಾಡು ಹೋಗಬೇಕಾದಲ್ಲಿಗೆ ಹೋಗುತ್ತಿದೆ. ಗೋಡೆಯ ಈಚೆ ಕೂತವಳಿಗೆ ಅದು ಸ್ಪಷ್ಟವಾಗಿ ತಿಳಿಯಿತು. ಇಷ್ಟು ದಿನ ಇವರ ಬಾಯಿ ಕಟ್ಟಿಸಿದ್ದು ತಾನೇ ಅಲ್ಲವೇ?

ಅವಳು ಪ್ರಾರ್ಥನೆಗೆ ಮೊಣಕಾಲೂರಿದಳು. "ಪರಲೋಕದಲ್ಲಿರುವ ಪರಮ ದಯಾಳುವಾದ..." ಮುಂದೆ ಬರಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದಳು. ಬರಲಿಲ್ಲ. ಆಮೇಲೆ ಬಾಯಿಂದ ಹೊರಟದ್ದು ಬೇರೆಯೇ ಮಾತು.

"ಅಪ್ಪಾ, ಕೆಡಿಸ್ಬುಟ್ಟೆ. ಏನ್ ಮಾಡ್ಲಿ?"

ಆ ಮಾತನ್ನು ಕೇಳಿ ಅವಳೇ ಬೆಚ್ಚಿದಳು. ಅದು ಅನಾಥಶಾಲೆಯ ಕನ್ನಡವಲ್ಲ, ಅದಕ್ಕೂ ಮುಂಚಿನದು. ಆ ಮಾತಿನ ಹಿಂದೆಯೇ ಎಲ್ಲಿಂದಲೋ ಒಂದು ಮಡಿಲು ನೆನಪಾಯಿತು. ಮುಖವಿಲ್ಲ, ಹೆಸರಿಲ್ಲ. ಬರೀ ಒಂದು ಮಡಿಲು, ಅದರಲ್ಲಿ ತನ್ನ ತಲೆ, ಕೂದಲು ಸೀಳಿಸೀಳಿ ಹೇನು ಹುಡುಕುವ ಬೆರಳುಗಳು. ಬಿಸಿಲಿಗೆ ಮೈ ಕಾದಿತ್ತು. ಬೆರಳುಗಳು ಒಂದೊಂದೇ ಕೂದಲು ಸರಿಸುತ್ತಿದ್ದವು. ಮಗು ಕೊಳಕೆಂದು ಅವು ಎತ್ತಿ ಎಸೆಯುತ್ತಿರಲಿಲ್ಲ. ಕೊಳಕಾದದ್ದಕ್ಕೇ ಮಡಿಲಿಗೆ ಎಳೆದುಕೊಂಡಿದ್ದವು.

ಕೂದಲು ಎಣಿಸುವುದೆಂದರೆ ಇದೇ ಏನು?

ಅವಳು ಬಹಳ ಹೊತ್ತು ಅತ್ತಳು. ಹೊರಗೆ ಜನ ಚೆದುರಿದ ಸದ್ದಾಯಿತು. ಭಯ ಹೋಗಿರಲಿಲ್ಲ. ಆದರೆ ಭಯ ಹೋಗುವವರೆಗೆ ಕಾಯುವುದೂ ಬಿಸಿಲಿಗೆ ಕಾದಂತೆಯೇ ಎಂದು ಅನ್ನಿಸಿ, ಮುಖ ಕೂಡ ತೊಳೆಯದೆ ಮೊರ ಎತ್ತಿಕೊಂಡು ಹೊರಟಳು.

ಚಿಟ್ಟೆಗಳು ದಾರಿಯುದ್ದಕ್ಕೂ ಒಂದೆರಡು ಉದುರಿದವು. ರಹೀಮಾ ಹಿತ್ತಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಲೀಯಮ್ಮ ಮೊರವನ್ನು ಅವಳ ಮುಂದೆ ಇಟ್ಟಳು.

"ಇಸ್ಮತ್ ಗೂಡು. ನಾನು ಹಬೆ ಹಿಡಿಸಲಿಲ್ಲ. ನೀನು ಹೇಳಿದೆ, ನಾನು ಕೇಳಲಿಲ್ಲ. ಎಲ್ಲಾ ತೂತಾಯಿತು." ನಿನ್ನೆ ಬಾಗಿಲು ತಟ್ಟಿದಾಗ ಒಳಗೇ ಇದ್ದೆ ಎಂಬುದನ್ನೂ ಹೇಳಿದಳು.

ರಹೀಮಾ ಮೊರ ನೋಡಿದಳು, ಲೀಯಮ್ಮನನ್ನು ನೋಡಿದಳು. "ಬಂತಾ ನಿನ್ನ ಬಿಸಿಲು?" ಎಂದಳು ಮೆಲ್ಲಗೆ. ಆಮೇಲೆ ದನಿ ಏರಿತು. "ನಮ್ಮಣ್ಣ, ಹೆಂಡ್ತಿ ಮಕ್ಕಳ ಕಡೆಗೂ ನೋಡ್ದೆ ಹುಳ ಕಾಯ್ದವ್ನೆ! ಸೊಪ್ಪು ಒದ್ದೆ ಆಯ್ತೈತೆ ಅಂತ ಪಂಚೆಲಿ ಒರೆಸಿ ಹಾಕವ್ನೆ! ಹೊಳಪಂತೆ, ಹೊಳಪು! ಯಾರ್ಗೆ ಬೇಕಾಗಿತ್ತು ನಿನ್ನ ಹೊಳಪು? ನನ್ ಮಗ್ಳು ಮಂಕು ದುಪಟ್ಟಾ ಹೊದ್ರೆ ನಿಕಾ ಆಗ್ತಿರಲಿಲ್ವಾ?"

ಮಂಚದ ಮೇಲಿದ್ದ ಕರೀಮುನ್ನೀಸಾ ಬಗ್ಗಿ ನೋಡಿ, "ಯಾ ಅಲ್ಲಾ, ಇಸ್ಮತ್‌ಗಿಂತ ಮೊದ್ಲು ಈ ಚಿಟ್ಟೆಗಳೇ ಜೋಡಿಯಾಗ್ಬುಟ್ಟವಲ್ಲ!" ಎಂದಳು. ರಹೀಮಾ ನಗಲಿಲ್ಲ.

"ಹೋಗಕ್ಕ. ನಿನ್ನ ಮುಖ ನೋಡಿದ್ರೆ ಇನ್ನೂ ಏನೇನೋ ಅಂದ್ಬುಡ್ತೀನಿ."

ಇಷ್ಟು ವರ್ಷ ಲೀಯಮ್ಮ ಹೆದರಿ ಕಾದಿದ್ದ ಮಾತು ಇದು. ಕಾಲುಗಳು ಬಾಗಿಲ ಕಡೆ ತಿರುಗಿದವು. ಆದರೆ ಅವಳು ಚಕ್ರದ ಪಕ್ಕದ ಕಲ್ಲಿನ ಮೇಲೆ ಕೂತಳು.

"ಅನ್ನು. ನಾನು ಇಲ್ಲೇ ಕೂತಿರ್ತೀನಿ."

ರಹೀಮಾ ಅಕ್ಕಿಯ ತಟ್ಟೆ ಕುಕ್ಕಿ ಒಳಗೆ ಹೋದಳು. ಹಿತ್ತಲಲ್ಲಿ ಕೋಳಿಗಳು ನೆಲ ಕೆದಕುತ್ತಿದ್ದವು. ಲೀಯಮ್ಮನಿಗೆ ತಾನೊಬ್ಬಳೇ ಎನ್ನಿಸಿತು, ಕೋಣೆಯಲ್ಲಿ ಕೂತಾಗಲೂ ಅನ್ನಿಸದಷ್ಟು. ಆದರೂ ಏಳಲಿಲ್ಲ. ಕರೀಮುನ್ನೀಸಾ ಕೊನೆಗೆ ಮಂಚದಿಂದ ಇಳಿದು, ಚಿಟ್ಟೆಗಳನ್ನು ಕೋಳಿಗಳ ಕಡೆ ಕೊಡವಿ, ತೂತು ಗೂಡುಗಳನ್ನು ಬೂದಿನೀರಲ್ಲಿ ಕುದಿಯಲು ಹಾಕಿದಳು. "ಬಿಚ್ಚಾಕೆ ಆಗಲ್ಲ. ಹಿಂಜಿ ಕದಿರಲ್ಲಿ ನೂಲ್ಬೋದು. ಒರಟು ನೂಲು, ರಜಾಯಿಗಾದ್ರೂ ಆಯ್ತದೆ. ಹಿಡಿ," ಎಂದು ಒಂದು ಕದಿರು ಕೊಟ್ಟಳು.

ಬೆಂದು ಮೆತ್ತಗಾದ ಗೂಡು ಹತ್ತಿಯಂತೆ ಹಿಂಜಿಕೊಂಡಿತು. ಕದಿರಿನಲ್ಲಿ ನೂಲು ಬಂತು, ಒಂದು ಕಡೆ ದಪ್ಪ, ಒಂದು ಕಡೆ ಹರಿಯುವಷ್ಟು ತೆಳು, ನಡುನಡುವೆ ಗಂಟು. ಪ್ರತಿ ಗಂಟಿಗೂ ಲೀಯಮ್ಮನ ಉಗುರು ತಾನಾಗಿ ಹೋಗುತ್ತಿತ್ತು. ಪ್ರತಿ ಸಲವೂ ಅದನ್ನು ಹಿಂದಕ್ಕೆ ಎಳೆದುಕೊಳ್ಳಬೇಕಾಗುತ್ತಿತ್ತು. ಅದು ಸುಲಭವಾಗಿರಲಿಲ್ಲ. ಅಪ್ಪಾ, ಇದನ್ನು ಹೀಗೇ ಬಿಡ್ತೀನಿ, ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುವಳು. ಮುಂದಿನ ಗಂಟಿಗೆ ಮತ್ತೆ ಹೇಳಿಕೊಳ್ಳುವಳು.

ಹೊತ್ತು ಇಳಿಯುವಾಗ ರಹೀಮಾ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು. ಎದುರಿಗೆ ಕೂತು ಇನ್ನೊಂದು ಗೂಡು ತೆಗೆದುಕೊಂಡು ಹಿಂಜತೊಡಗಿದಳು. ಕೋಳಿಗಳಿಂದ ತಪ್ಪಿಸಿಕೊಂಡ ಚಿಟ್ಟೆಯೊಂದು ಅವಳ ತೋಳು ಹತ್ತಿತು. ಅದನ್ನು ಊದಿ ಹಾರಿಸಲು ನೋಡಿದಳು. ರೇಷ್ಮೆಯ ಚಿಟ್ಟೆಗೆ ಹಾರಲು ಬರುವುದಿಲ್ಲ, ಕೆಳಗೆ ಬಿತ್ತು.

"ದುಪಟ್ಟಾ ಅಂಗಡಿಯಿಂದ್ಲೇ ತರ್ಬೇಕು," ಎಂದಳು ರಹೀಮಾ, ಯಾರಿಗೋ ಹೇಳಿದಂತೆ. "ನಮ್ಮಣ್ಣನಿಗೆ ನೀನೇ ಹೇಳು. ನಾನು ಹೇಳಲ್ಲ."

"ಹೇಳ್ತೀನಿ."

ಕತ್ತಲಾಗುವ ಮೊದಲು ಲೀಯಮ್ಮ ಕದಿರು ಕೆಳಗಿಟ್ಟು ಎದ್ದಳು. ಬಾಗಿಲು ದಾಟುವಾಗ ಹಿಂದಿನಿಂದ ದನಿ ಬಂತು.

"ನಾಳೆ ಬಿರ್ರನೆ ಬಾ. ಇನ್ನೂ ಅರ್ಧ ಮೊರ ಐತೆ. ನನ್ ಕ್ವಾಪ ಇನ್ನೂ ಇಳ್ದಿಲ್ಲ, ಅದ್ಕೂ ತಯಾರಾಗಿ ಬಾ."

"ಬತ್ತೀನಿ," ಎಂದಳು ಲೀಯಮ್ಮ.