ಸ್ಪೇಸರ್ ಡಬ್ಬಿ

ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಅವಳಿಂದ ಒಂದು ಮಾತು ತೆಗೆದುಕೊಂಡಿದ್ದರು. "ನಾನು ಬೇರೇನೂ ಕೇಳಲ್ಲ ಕಣಮ್ಮ. ನನ್ನ ಮಗನ್ನ ಒಂದು ದಿನಾನೂ ಖಾಲಿ ಹೊಟ್ಟೇಲಿ ಕೆಲಸಕ್ಕೆ ಕಳಿಸಬೇಡ. ಅವರಪ್ಪ ಹಾಗೆ ಹೋಗಿ ಹೋಗಿಯೇ ಸೊರಗಿದ್ದು."

"ಕಳಿಸಲ್ಲ ಅತ್ತೆ" ಅಂದಿದ್ದಳು.

ಹದಿನೇಳು ವರ್ಷ ನಡೆಸಿಕೊಂಡೂ ಬಂದಳು. ಮೈ ಸುಡುವ ಜ್ವರವಿದ್ದ ದಿನ, ನಲ್ಲಿಯಲ್ಲಿ ನೀರು ಬಾರದ ದಿನ, ಜಗಳವಾಡಿ ಮುಖ ಊದಿಸಿಕೊಂಡ ದಿನವೂ ಬೆಳಗ್ಗೆ ಏಳಕ್ಕೆ ಗಂಡನ ಮುಂದೆ ತಟ್ಟೆ ಬಂದು ಕೂರುತ್ತಿತ್ತು. ಆಮೇಲೇ ಅವಳು ತನ್ನ ಹೊಲಿಗೆ ಮೆಷಿನ್ನಿನ ಮುಂದೆ ಕೂರುವುದು.

ಗಂಡ ನೆಲಕ್ಕೆ ಟೈಲ್ಸ್ ಹಾಕುವ ಮೇಸ್ತ್ರಿ. ಈ ವರ್ಷ ಅವನ ಹೊಟ್ಟೆ ಕೈಕೊಟ್ಟಿತು. ಮೊದಮೊದಲು ಎದೆಗೂಡಿನ ಕೆಳಗೆ ಸಣ್ಣ ಉರಿ. ಆಮೇಲೆ ಹುಳಿತೇಗು. ಆಮೇಲೆ ಬಗ್ಗಿ ಕೂತವನು ಮೇಲೇಳಲಾರದಂಥ ಸಂಕಟ.

ಅತ್ತೆ ಸೀದಾ ಅಡುಗೆಮನೆಗೇ ನುಗ್ಗಿದರು. "ನಿನ್ನ ಕೈಖಾರಕ್ಕೆ ಎಮ್ಮೆ ಹೊಟ್ಟೆನೂ ತೂತು ಬೀಳುತ್ತೆ!"

ಖಾರ ಹೋಯಿತು. ಹುಳಿ ಹೋಯಿತು. ಒಗ್ಗರಣೆಯೂ ಹೋಯಿತು. "ಇದು ಅನ್ನಾನೋ, ಬಿಳಿ ಸಿಮೆಂಟೋ?" ಅಂತ ಗಂಡ ನಕ್ಕ, ನಗುವಾಗಲೂ ಹೊಟ್ಟೆ ಒತ್ತಿಕೊಂಡೇ ಇದ್ದ. ಉರಿ ಮಾತ್ರ ಒಂದಿಷ್ಟೂ ಜಗ್ಗಲಿಲ್ಲ.

"ಹೊಟ್ಟೆಗೂ ರಜೆ ಬೇಕು" ಅಂತ ಅತ್ತೆ ತೀರ್ಪು ಕೊಟ್ಟರು. "ಬೆಳಗ್ಗೆ ಏನೂ ಹಾಕಬೇಡ. ಬರೀ ಚಹಾ ಸಾಕು."

ಮಾತು ತೆಗೆದುಕೊಂಡವರೇ ಹೀಗೆ ಹೇಳಿದ ಮೇಲೆ ಇನ್ನೇನು ಅಂತ ಅವಳು ಒಪ್ಪಿಕೊಂಡಳು. ಖಾರದ ಅಪವಾದ ಹೊತ್ತವಳಿಗೆ ವಾದಿಸುವ ಮುಖವೂ ಇರಲಿಲ್ಲ. ಏಳು ಗಂಟೆಯ ತಟ್ಟೆ ನಿಂತಿತು.

ನಾಲ್ಕು ತಿಂಗಳಲ್ಲಿ ಅವನ ಪ್ಯಾಂಟಿನ ಸೊಂಟವನ್ನು ಅವಳು ಎರಡು ಸಲ ಹಿಡಿದು ಹೊಲಿದಳು. ಕೊನೆಗೆ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡೇ ಹೋದಳು. ಗಂಟಲಿಂದ ಕೊಳವೆ ಇಳಿಸಿ ನೋಡಿದರು.

"ಒಳಗೆಲ್ಲ ಊದಿಕೊಂಡು ಕೆಂಪಾಗಿದೆ, ಅಲ್ಲಲ್ಲಿ ಹುಣ್ಣು. ಪರೀಕ್ಷೆಯಲ್ಲಿ ಸೋಂಕು ಇಲ್ಲ. ಕುಡಿತ, ಬೀಡಿ?"

"ಯಾವುದೂ ಇಲ್ಲ" ಅಂದ.

"ನೋವಿನ ಮಾತ್ರೆ?"

"ಮಾತ್ರೆ ಗೀತ್ರೆ ನನಗೆ ಆಗಿಬರಲ್ಲ ಡಾಕ್ಟ್ರೇ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಮದ್ದು ಕೊಡ್ತೀನಿ. ಆದರೆ ಕಾರಣ ಸಿಗದಿದ್ರೆ ಇದು ಮತ್ತೆ ಬರುತ್ತೆ. ಇನ್ನೊಂದು ಸಲ ಬಂದ್ರೆ ರಕ್ತವೇ ಬರಬಹುದು. ಮನೇಲಿ ಹುಡುಕಿ."

ಅವಳು ಹುಡುಕಿದಳು. ಎಣ್ಣೆ ಮೂಸಿದಳು, ನೀರಿನ ಪಾತ್ರೆ ಬದಲಿಸಿದಳು, ಉಪ್ಪಿನ ಮೇಲೂ ಅನುಮಾನಪಟ್ಟಳು. ಅಡುಗೆಮನೆಯನ್ನು ಕಳ್ಳನ ಮನೆಯ ಹಾಗೆ ಜಾಲಾಡಿದರೂ ಏನೂ ಸಿಗಲಿಲ್ಲ.

ಭಾನುವಾರ ಅವನು ಸ್ನಾನಕ್ಕೆ ಹೋದಾಗ, ಮಂಡಿಪಟ್ಟಿಯ ಕಿತ್ತ ಬೆಲ್ಟು ಹೊಲಿಯೋಣವೆಂದು ಅವನ ಕೆಲಸದ ಚೀಲ ಬಿಚ್ಚಿದಳು. ಕರಣೆ, ರಬ್ಬರ್ ಸುತ್ತಿಗೆ, ನೂಲಿನ ಉಂಡೆ, ಟೈಲ್ಸುಗಳ ನಡುವೆ ಸಂದು ಬಿಡಲು ಇಡುವ ಪುಟ್ಟ ಪ್ಲಾಸ್ಟಿಕ್ ಸ್ಪೇಸರುಗಳ ಡಬ್ಬಿ. ಡಬ್ಬಿ ಅಲುಗಿಸಿದರೆ ಸದ್ದೇ ಬೇರೆ. ತೆರೆದರೆ ಸ್ಪೇಸರುಗಳ ನಡುವೆ ಆರು ಗುಳಿಗೆಪಟ್ಟಿ, ಅದರಲ್ಲಿ ನಾಲ್ಕು ಖಾಲಿ.

ತಲೆ ಒರೆಸಿಕೊಳ್ಳುತ್ತ ಬಂದವನ ಮುಂದೆ ಹಿಡಿದಳು. "ಏನ್ರೀ ಇದು?"

"ಅದಾ? ಮಂಡಿದು. ಬೆಳಗ್ಗೆ ಎರಡು ನುಂಗಿದ್ರೆ ಸಂಜೆವರೆಗೂ ಮಡಚುತ್ತೆ. ನಮ್ಮೋರೆಲ್ಲ ಇಟ್ಕೊಂಡಿರ್ತಾರೆ."

"ಡಾಕ್ಟರಮ್ಮ ಬಾಯಿಬಿಟ್ಟು ಕೇಳಿದ್ರಲ್ಲ! ಯಾಕ್ರೀ ಮುಚ್ಚಿಟ್ರಿ?"

ಅವನು ನಿಜಕ್ಕೂ ಕಣ್ಣು ಕಣ್ಣು ಬಿಟ್ಟ. "ಮುಚ್ಚಿಟ್ನಾ? ಅವರು ಕೇಳಿದ್ದು ಔಷಧಿ ಕಣೇ. ಇದು ಕೆಲಸದ ಸಾಮಾನು. ಕರಣೆ ಇದ್ದ ಹಾಗೆ."

ಅವನ ಮುಖದಲ್ಲಿ ಸುಳ್ಳಿನ ಸುಳಿವೂ ಇರಲಿಲ್ಲ. ಅವಳಿಗೆ ಬೈಯಲೂ ಆಗಲಿಲ್ಲ.

ಸೋಮವಾರ ಅವಳೊಬ್ಬಳೇ ಡಬ್ಬಿ ಹಿಡಿದು ಹೋದಳು. ಡಾಕ್ಟರಮ್ಮ ಪಟ್ಟಿ ತಿರುಗಿಸಿ ನೋಡಿ ತಲೆಯಾಡಿಸಿದರು. "ಸಿಕ್ತು ಬಿಡಿ. ಎಷ್ಟು ದಿನದಿಂದ?"

"ಒಂದೂವರೆ ವರ್ಷ ಅಂತಾರೆ. ಹೊಟ್ಟೆ ಉರಿ ಶುರುವಾಗಿದ್ದು ಈ ವರ್ಷ."

"ದಿನಾ ತಗೊಂಡ್ರೆ ಕೆಟ್ಟದ್ದೇ. ಖಾಲಿ ಹೊಟ್ಟೇಲಿ ಇನ್ನೂ ಕೆಟ್ಟದ್ದು. ತಿಂಡಿ ತಿಂದೇ ನುಂಗ್ತಿದ್ರು ತಾನೇ?"

"ಮೊದಲು ತಿಂತಿದ್ರು" ಅಂದಳು.

ಮನೆಯಲ್ಲಿ ಗಂಡ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ. ಗುಳಿಗೆ ಇಲ್ಲದ ಮೊದಲ ದಿನ. ಮಂಡಿ ಎರಡೂ ಊದಿದ್ದವು. "ಇದಿಲ್ಲದೆ ನಾನೇನು ನಿಂತ್ಕೊಂಡು ನೆಲ ಹಾಕ್ಲಾ?" ಅಂದ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಹಾಗಾದ್ರೆ ಖಾರ ಅಲ್ವಾ?"

"ಅಲ್ಲ ಅತ್ತೆ. ಮಂಡಿಯ ಗುಳಿಗೆ."

"ಸದ್ಯ!" ಅತ್ತೆ ಅವಳ ಭುಜ ಸವರಿದರು, ಇಷ್ಟು ದಿನಗಳಲ್ಲಿ ಮೊದಲ ಸಲ. "ಸುಮ್ನೆ ನಿನ್ನ ಬೈದೆ ಕಣಮ್ಮ. ನಿನ್ನದೇನೂ ತಪ್ಪಿಲ್ಲ."

ಬೆಳಗಿನ ತಟ್ಟೆ ನಿಲ್ಲಿಸಿದ್ದು ಅತ್ತೆಯ ತೀರ್ಪೇ. ಖಾಲಿ ಹೊಟ್ಟೆಯ ವಿಷಯ ಎತ್ತಿದರೆ ಅತ್ತೆಯ ಮುಖ ಏನಾಗುತ್ತದೆಂದೂ ಅವಳಿಗೆ ಗೊತ್ತಿತ್ತು. ಎತ್ತಲಿಲ್ಲ. ಒಳಗೆ ಹೋಗಿ ಒಲೆ ಹಚ್ಚಿದಳು.

ನಾಲ್ಕು ತಿಂಗಳು ಅವಳು ಅವನನ್ನು ಖಾಲಿ ಹೊಟ್ಟೆಯಲ್ಲಿ ಕೆಲಸಕ್ಕೆ ಕಳಿಸಿದ್ದಳು. ಕೊಟ್ಟ ಮಾತು ಮುರಿದಿತ್ತು.