ಹೆಂಗಸರ ಬ್ಯಾಚು

ಸೆರಗು ಮತ್ತೆ ಜಾರಿತು, ಇದು ನಿಲ್ಲುವ ಸೀರೆಯಲ್ಲ, ಓರಗಿತ್ತಿಯದು, ನಿನ್ನೆಯ ಗಡಿಬಿಡಿಯಲ್ಲಿ ಪಾಪ ಕೈಗೆ ಸಿಕ್ಕಿದ್ದನ್ನು ತಂದು ಸುತ್ತಿದ್ದಳು, ಒಂದು ಪಿನ್ನೂ ಇಲ್ಲ, ದಾನೇಶ್ವರಿ ಸೆರಗೆಳೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಂಚಿನ ಮೇಲೆ ಹಿಂದಕ್ಕೆ ಸರಿದು ಗೋಡೆಗೆ ಒರಗಿದಳು, ಒರಗಿದರೂ ನೋವು, ಕಂಕುಳಿಂದ ಬೆನ್ನಿನ ತನಕ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ, ಐವತ್ತಾರು ವರ್ಷದ ತೋಳು, ಅದಕ್ಕೇನು ಗೊತ್ತಿತ್ತು ಇನ್ನೊಂದು ಸಲ ಕೆಲಸ ಬೀಳುತ್ತದೆ ಅಂತ — ಚಾಮರಾಜನಗರದ ಜಿಲ್ಲಾಸ್ಪತ್ರೆಯ ಈ ಕಾರಿಡಾರಿನಲ್ಲಿ ಬಿಸಿಲು ಕಿಟಕಿಯ ಸರಳುಗಳನ್ನು ನೆಲದ ಮೇಲೆ ಉದ್ದಕ್ಕೆ ಮಲಗಿಸಿದೆ, ಒಣ ಬಿಸಿಲು, ಮೈಗೆ ಅಂಟದ ಬಿಸಿಲು, ಎದುರಿನ ಬಾಗಿಲ ಆಚೆ ಗಂಡ ಮಲ್ಲಿಕಾರ್ಜುನಸ್ವಾಮಿ ಮೂಗಿಗೆ ಬಾಯಿಗೆ ಮಾಸ್ಕು ಹಾಕಿಸಿಕೊಂಡು ಮಲಗಿದ್ದಾರೆ, ಶ್ವಾಸಕೋಶಕ್ಕೆ ನೀರು ಹೋಗಿದೆ ಅಮ್ಮ, ಜೀವಕ್ಕೇನೂ ಭಯವಿಲ್ಲ, ಎರಡು ದಿನ ನೋಡೋಣ, ಅಂದರು ಡಾಕ್ಟರು, ಅಂದಮೇಲೆ ಕೇಳಿದರು, ಯಾರು ನೀರಿಂದ ಮೇಲಕ್ಕೆ ಎಳೆದದ್ದು ಇವರನ್ನ, ಮೈದುನ ಸೋಮೇಶ ಕೆಮ್ಮಿ, ನಾವೇ ಸಾರ್ ಎಲ್ಲಾ ಸೇರ್ಕಂಡು, ಅಂದ. ಎಲ್ಲಾ ಸೇರ್ಕಂಡು. ಇರಲಿ, ಒಂದು ರೀತಿಯಲ್ಲಿ ಸುಳ್ಳೇನಲ್ಲ, ಸೀರೆಯ ಇನ್ನೊಂದು ತುದಿ ಹಿಡಿದಿದ್ದು ಅವನೇ ತಾನೆ.

ನೀರಿನ ಮಾತು ಬಂದರೆ ಮಂಗಳೂರೇ ಕಣ್ಮುಂದೆ ಬರುತ್ತದೆ, ನಿನ್ನೆ ಅವರು ಬಿದ್ದ ಹೊಲದ ಹೊಂಡವಲ್ಲ. ಬ್ಯಾಂಕಿನವರು ಗಂಡನನ್ನು ಅಲ್ಲಿಗೆ ವರ್ಗ ಮಾಡಿದಾಗ ಅತ್ತವಳು ಅವಳೇ, ಗುಂಡ್ಲುಪೇಟೆ ಸೀಮೆಯಲ್ಲಿ ಹುಟ್ಟಿ ಅಲ್ಲೇ ಮದುವೆಯಾದವಳು, ಬೆಳಗಿನ ಹೊತ್ತು ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಇಳಿಯುವ ತಣ್ಣನೆ ಗಾಳಿಯೇ ಗಾಳಿ ಅಂದುಕೊಂಡಿದ್ದವಳು, ಆ ಊರಿಗೆ ಇಳಿದ ದಿನವೇ ಒದ್ದೆ ಬಟ್ಟೆಯನ್ನು ಮುಖದ ಮೇಲೆ ಹಾಕಿದಂತಾಗಿತ್ತು, ಸ್ನಾನ ಮಾಡಿ ಹೊರಗೆ ಬರುವಷ್ಟರಲ್ಲಿ ಮತ್ತೆ ಬೆವರು, ಉಪ್ಪು ಡಬ್ಬಿಯಲ್ಲೇ ಕರಗಿ ಗಟ್ಟಿಯಾಗೋದು, ಹಬ್ಬಕ್ಕೆ ಮಾಡಿದ ಚಕ್ಕುಲಿ ಮಾರನೇ ದಿನಕ್ಕೆ ಮೆತ್ತಗೆ, ಬೀರುವಿನೊಳಗಿನ ಬೆಲ್ಟಿಗೆ ಬೂಷ್ಟು, ಮೆಟ್ಟಿಲ ತುಂಬ ಮೀನು ಹುರಿಯುವ ವಾಸನೆ, ಮೂಗಿಗೆ ಸೆರಗು ಹಿಡಿದು ಮೂರು ಮಹಡಿ ಹತ್ತುತ್ತಿದ್ದಳು, ರೀ ಒಂದು ವರ್ಷಕ್ಕೆ ವಾಪಸ್ ಕೇಳ್ಕಳಿ, ಅಂತ ದಿನಾ ಹೇಳುತ್ತಿದ್ದಳು — ಆಮೇಲೆ ಯಾವಾಗ ಹೇಳೋದು ಬಿಟ್ಟಳೋ. ಮೆಟ್ಟಿಲಿಳಿದರೆ ಬಸ್‌ಸ್ಟಾಪು, ಒಂದು ಹೋಗುವಷ್ಟರಲ್ಲಿ ಹಿಂದೆ ಇನ್ನೊಂದು, ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಅಂತ ಕೊನೇ ಸ್ಟಾಪಿನ ಹೆಸರನ್ನು ಬಾಗಿಲಲ್ಲಿ ನೇತಾಡಿಕೊಂಡು ಕೂಗುವ ಕಂಡಕ್ಟರು, ಹೆಂಗಸೊಬ್ಬಳು ಎಲ್ಲಿ ಹೋಗುತ್ತಾಳೆ ಯಾಕೆ ಹೋಗುತ್ತಾಳೆ ಅಂತ ಯಾರೂ ತಿರುಗಿ ನೋಡುತ್ತಿರಲಿಲ್ಲ, ಊರಲ್ಲಿ ಬಸ್ಸಿಗೆ ನಿಂತರೆ ನಾಲ್ಕು ಜನ, ಏನಕ್ಕಾ ಎತ್ಲಾಗೆ, ಅಂತ ಕೇಳುತ್ತಾರೆ, ಉತ್ತರ ಹೇಳಿದ ಮೇಲೂ ಮುಖ ನೋಡುತ್ತಾರೆ. ಅಲ್ಲಿ ಲೈಬ್ರರಿ ಇತ್ತು, ಫ್ಯಾನಿನ ಕೆಳಗೆ ಕೂತು ವಾರಪತ್ರಿಕೆ ಓದಬಹುದು, ಗುಡ್ಡದ ಮೇಲೆ ಪಾರ್ಕಿತ್ತು, ಬೀದಿಗೊಂದು ಔಷಧಿ ಅಂಗಡಿ, ಹಲ್ಲು ನೋಯುತ್ತದೆ ಅಂದರೆ ಆ ಕ್ಷಣಕ್ಕೆ ಡಾಕ್ಟರು, ಮಾರ್ಕೆಟ್ಟಿನಲ್ಲಿ ಗುಂಡ್ಲುಪೇಟೆ ಬೀನ್ಸು, ಗುಂಡ್ಲುಪೇಟೆ ಎಲೆಕೋಸು ಅವಳಿಗಿಂತ ಮೊದಲೇ ಬಂದು ಕೂತಿರುತ್ತಿದ್ದವು, ನಮ್ಮೂರ್ದು ಕಣ್ರೀ ಇದು, ಅಂತ ಅಂಗಡಿಯವನಿಗೆ ಹೇಳಿದರೆ, ಹೌದಾ ಅಕ್ಕ, ಅಂದು ಒಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದ. ಭಾನುವಾರ ಕಡಲು. ಅವರು ಪ್ಯಾಂಟು ಮಡಿಸಿಕೊಂಡು ಅಲೆ ಬರದ ಜಾಗದಲ್ಲಿ ನಿಲ್ಲುತ್ತಿದ್ದರು, ಸಾಕು ಬಾರೆ, ನೀರ್ ತಾವ ಏನ್ ಕೆಲ್ಸ, ಕಡ್ಲೆಕಾಯಿ ತಿನ್ನನ ಬಾ.

ಎದುರು ಮನೆಯ ಜೆಸಿಂತಾ ಬಾಯಿ ಒಂದು ದಿನ ಅವಳು ಮೆಟ್ಟಿಲಲ್ಲಿ ಮೊಣಕಾಲು ಹಿಡಿದು ಕೂತಿದ್ದನ್ನು ನೋಡಿ, ನೀವು ನನ್ನ ಒಟ್ಟಿಗೆ ಬನ್ನಿ ಮಾರಾಯ್ರೆ, ಕಾರ್ಪೊರೇಷನ್ನಿನ ಈಜುಕೊಳ ಉಂಟಲ್ಲ, ಹೆಂಗಸರ ಬ್ಯಾಚು ಬೇರೆಯೇ, ಒಬ್ಬ ಗಂಡಸಿನ ತಲೆಯೂ ಕಾಣುದಿಲ್ಲ, ಅಂದಿದ್ದಳು, ದಾನೇಶ್ವರಿ ನಕ್ಕಿದ್ದಳು, ಆದರೂ ಆ ರಾತ್ರಿ ಊಟಕ್ಕೆ ಬಡಿಸುತ್ತ ಮಾತು ಎತ್ತಿದ್ದಳು, ಅವರು ಟಿ.ವಿ.ಯಿಂದ ಕಣ್ಣು ತೆಗೆಯದೆ, ಈ ವಯಸ್ನಲ್ಲಾ, ಚಡ್ಡಿ ಹಾಕ್ಕಂಡು ನೀರಿಗೆ ಬೀಳ್ತೀಯಾ, ಊರ್ನೋರ್ ಕೇಳುದ್ರೆ ನಗ್ತಾರೆ ಕಣೆ, ಸಾರು ಬುಡು. ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಜಗಳ ಆಡಬಹುದಿತ್ತು, ಅಥವಾ ಸುಮ್ಮನಿರಬಹುದಿತ್ತು, ಸಾರು ಬುಡು ಅಂದಿದ್ದಕ್ಕೆ ಏನು ಹೇಳೋದು, ಸಾರು ಬಿಟ್ಟಳು, ಮಾರನೇ ದಿನ ಅವರು ಬ್ಯಾಂಕಿಗೆ ಹೋದಮೇಲೆ ಜೆಸಿಂತಾ ಬಾಯಿಯ ಹಿಂದೆ ಬಸ್ಸು ಹತ್ತಿದಳು. ಕೈತುಂಬ, ಕಾಲ್ತುಂಬ ಮುಚ್ಚುವ ಕರಿ ಬಟ್ಟೆ, ಕನ್ನಡಿಯಲ್ಲಿ ನೋಡಿಕೊಂಡು, ಅಯ್ಯೋ ಶಿವನೆ, ಗೂಬೆ ಇದ್ದ ಹಾಗಿದೀನಿ, ಅಂತ ಬಾಗಿಲ ಹಿಂದೆ ನಿಂತುಬಿಟ್ಟಿದ್ದಳು, ಕಲಿಸುವ ಟೀಚರು ಬಂದು ಕೈಹಿಡಿದು, ಎಂತ, ನಿಮ್ಮ ಗುಂಡ್ಲುಪೇಟೆಯಲ್ಲಿ ನೀರೇ ಇಲ್ವಾ, ಬನ್ನಿ ಬನ್ನಿ. ತಿಂಗಳುಗಟ್ಟಲೆ ಕಂಬಿ ಹಿಡಿದು ಕಾಲು ಬಡಿದಳು, ಮೂಗಿಗೆ ನೀರು ಹತ್ತಿಸಿಕೊಂಡಳು, ಒಂದು ದಿನ ಟೀಚರು ಬೆನ್ನ ಕೆಳಗಿನ ಕೈ ಯಾವಾಗ ತೆಗೆದರೋ ಗೊತ್ತಾಗಲಿಲ್ಲ, ತೇಲುತ್ತಿದ್ದಳು, ಕಿವಿ ನೀರೊಳಗೆ, ಲೋಕದ ಸದ್ದೆಲ್ಲ ಯಾರೋ ಬಟ್ಟಲು ಮುಚ್ಚಿಟ್ಟಂತೆ ನಿಂತುಹೋಗಿ, ಮೇಲೆ ಒಂದು ಹದ್ದು ಸುತ್ತುತ್ತಿತ್ತು, ಬೆವರಿಲ್ಲ, ಭಾರವಿಲ್ಲ, ಯಾರೂ ಕರೆಯುತ್ತಿಲ್ಲ. ಸಂಜೆ ಅವರು ಕೇಳಿದರೆ ಪಾರ್ಕಿಗೆ ಹೋಗಿದ್ದೆ ಅನ್ನಬೇಕು ಅಂತ ಮಾತು ಸಿದ್ಧ ಮಾಡಿಕೊಂಡಿದ್ದಳು. ಅವರು ಕೇಳಲಿಲ್ಲ. ಮಾರನೇ ದಿನವೂ ಇಲ್ಲ, ಮಾರನೇ ವರ್ಷವೂ ಇಲ್ಲ, ಸಿದ್ಧಮಾಡಿಕೊಂಡ ಸುಳ್ಳು ಹಾಗೇ ಹಳಸಿಹೋಯಿತು, ಒದ್ದೆ ಬಟ್ಟೆ ಜೆಸಿಂತಾ ಬಾಯಿಯ ಬಾಲ್ಕನಿಯಲ್ಲಿ ಒಣಗುತ್ತಿತ್ತು, ಇವಳು ಬಿಸಿ ರೊಟ್ಟಿ ತಟ್ಟುತ್ತಿದ್ದಳು.

ಫೋನು ಗುಂಯ್‌ಗುಟ್ಟುತ್ತಿದೆ, ಮಗಳು ಬಿಂದುಶ್ರೀ, ಮೈಸೂರಿಂದ ಹೊರಟಿದ್ದಾಳೆ, ಅಮ್ಮಾ ಬಸ್ಸು ನಂಜನಗೂಡು ದಾಟ್ತು, ಅಪ್ಪ ಹೆಂಗಿದಾರೆ, ಉಸಿರಾಡ್ತವ್ರೆ ಕಣವ್ವ, ಮಾತಾಡಿಲ್ಲ ಇನ್ನೂ, ಅಮ್ಮಾ ಚಿಕ್ಕಮ್ಮ ಹೇಳುದ್ರು, ನೀನು ಈಜಿದ್ಯಂತೆ, ನಿಜಾನಾ, ನಿಂಗೆ ಈಜು ಬರುತ್ತಾ — ಬಾ ಮೊದಲು, ಬಂದ್ಮೇಲೆ ಮಾತಾಡನ. ಎಲ್ಲರದ್ದೂ ಅದೇ ಪ್ರಶ್ನೆ. ಬೆಳಗ್ಗೆ ಗಂಡನ ಅಕ್ಕ ನೀಲಾವತಿ ಬಂದು ತಮ್ಮನ ಹಣೆಗೆ ವಿಭೂತಿ ಹಚ್ಚಿ ಕಣ್ಣೊರೆಸಿಕೊಂಡು ಈ ಬೆಂಚಿಗೇ ಬಂದು ಕೂತಳು, ಕೂತು, ದೇವ್ರು ದೊಡ್ಡೋನು ಕಣವ್ವ ದಾನು, ಅಂದಳು, ಒಂದು ನಿಟ್ಟುಸಿರು ಬಿಟ್ಟು, ಅಲ್ಲಾ, ಸೀರೆ ಬಿಚ್ಚಾಕ್ಬುಟ್ಟು ಹಾರುದ್ಯಂತಲ್ಲ, ಆಳುಕಾಳು ಎಲ್ಲಾ ಇದ್ರಂತೆ, ಅಂದಳು, ಸೀರೆ ಉಟ್ಕಂಡೇ ಹಾರಿದ್ರೆ ಇಬ್ರೂ ಹೋಗ್ತಿದ್ವಿ ಅತ್ತಿಗೆ, ಅಂತ ಹೇಳಬೇಕೆನ್ನಿಸಿತು, ಹೇಳುವುದಕ್ಕೂ ಮೈಯಲ್ಲಿ ತ್ರಾಣ ಬೇಕು, ತಲೆ ಆಡಿಸಿದಳು.

ರಿಟೈರಾಗಿ ಊರಿಗೆ ಬಂದಮೇಲೆ ಅವರು ಹೊಲದಲ್ಲಿ ಕೃಷಿ ಹೊಂಡ ತೋಡಿಸಿದರು, ಒಳಗೆಲ್ಲ ಕರಿ ಪ್ಲಾಸ್ಟಿಕ್ ಹಾಸು, ಮಳೆ ನೀರು ತುಂಬಿದಾಗ ಬೆಟ್ಟವೇ ತಲೆಕೆಳಗಾಗಿ ಅದರೊಳಗೆ ಇಳಿಯುತ್ತಿತ್ತು, ಸಣ್ಣೀರುಳ್ಳಿಗೂ ಅರಿಸಿನಕ್ಕೂ ಅಂತ ಅವರು ಲೆಕ್ಕ ಹೇಳುವಾಗ ಇವಳು ಬೇಲಿಯ ಆಚೆ ನಿಂತು ಅದನ್ನೇ ನೋಡುತ್ತಿದ್ದಳು, ಪಾದಗಳು ಚಪ್ಪಲಿಯೊಳಗೆ ತಾವಾಗಿ ಬಡಿಯುವವು, ಒಂದು ಸಲ, ಯಾರೂ ಇಲ್ಲದಾಗ ಒಂದೇ ಸಲ — ಎಲ್ಲಿ ಸಾಧ್ಯ, ಒಂದಲ್ಲ ಒಂದು ಕಣ್ಣು ಇದ್ದೇ ಇರುತ್ತದೆ. ನಿನ್ನೆ ಬುತ್ತಿ ತಗೊಂಡು ಹೋಗಿದ್ದಳು, ಮೋಟಾರು ನೀರೆತ್ತುತ್ತಿಲ್ಲ, ಪೈಪಿನ ತುದಿಗೆ ಕಸ ಸಿಕ್ಕಿದೆ ಅಂತ ಅವರು ಪಂಚೆ ಎತ್ತಿ ಕಟ್ಟಿ ಏರಿಯಿಂದ ಇಳಿದಿದ್ದರು, ಇಳೀಬೇಡ ಅಣ್ಣ, ಪಾಚಿ ಕಟ್ಟದೆ, ಅಂತ ಸೋಮೇಶ ಹೇಳುತ್ತಲೇ ಇದ್ದ, ಆಮೇಲೆ ಬರೀ ಸದ್ದು, ಆಮೇಲೆ ಕಳೆ ಕೀಳುತ್ತಿದ್ದ ದೊಡ್ಡಮಾದಮ್ಮನ ಕೂಗು, ಅಯ್ಯಯ್ಯೋ ಬುದ್ದ್ಯೋರು ನೀರ್ಗೆ ಬಿದ್ಬುಟ್ರಲ್ಲಪ್ಪೋ, ಸೋಮೇಶ ಏರಿಯ ಮೇಲೆ ಆ ಕಡೆ ಈ ಕಡೆ ಓಡುತ್ತ, ಪೈಪ್ ಇಡ್ಕೊ ಅಣ್ಣ, ಪೈಪ್ ಇಡ್ಕೊ, ಪೈಪು ಎಲ್ಲೋ, ಅವರೆಲ್ಲೋ, ತಲೆ ಒಂದು ಸಲ ಮೇಲೆ ಬಂತು, ಬಾಯಿ ತೆರೆದಿತ್ತು, ಕೂಗಲಿಲ್ಲ, ಮುಳುಗುವವರು ಕೂಗುವುದಿಲ್ಲ ಅಂತ ಟೀಚರು ಹೇಳಿದ್ದರು. ಸೀರೆ ಯಾವಾಗ ಬಿಚ್ಚಿದಳೋ ಗೊತ್ತಿಲ್ಲ. ನೀರು ತಣ್ಣಗೆ, ಕೊಳದ ಹಾಗೆ ತಿಳಿಯಲ್ಲ, ಹಸಿರು, ಕೈಗಳು ತಮ್ಮ ಪಾಡಿಗೆ ತಾವು ಹೋದವು, ಎದುರಿಂದ ಹೋಗಬಾರದು ಹಿಂದಿನಿಂದ ಹೋಗಬೇಕು, ಗೊತ್ತಿತ್ತು, ಆದರೆ ಅವರು ಅಷ್ಟರಲ್ಲೇ ತಿರುಗಿಬಿಟ್ಟರು, ಅವಳ ಕತ್ತು ಹಿಡಿದುಕೊಂಡರು, ಹೆಗಲ ಮೇಲೆ ಮೊಣಕಾಲು ಊರಿ ಏಣಿಯ ಹಾಗೆ ಹತ್ತಿದರು, ಇಬ್ಬರೂ ಒಳಗೆ, ಹೀಗಾದರೆ ಕೆಳಕ್ಕೆ ಹೋಗಿ, ಮುಳುಗುವವರು ಕೆಳಕ್ಕೆ ಬರುವುದಿಲ್ಲ, ಬಿಟ್ಟುಬಿಡುತ್ತಾರೆ, ಅಂತ ಟೀಚರು ಹೇಳಿದ್ದರು, ಕೆಳಕ್ಕೆ ಹೋದಳು, ಬಿಟ್ಟರು, ಆಮೇಲೆ — ಆಮೇಲೆ ಹಿಂದಿನಿಂದ ಮೇಲೆದ್ದು ಗಲ್ಲದ ಕೆಳಗೆ ತೋಳು ಹಾಕಿ ಎಳೆದಳು, ಅಂಚಿಗೆ ಬಂದರೂ ಹತ್ತಲಾಗದು, ಪ್ಲಾಸ್ಟಿಕ್ಕಿನ ಮೇಲೆ ಕಾಲು ನಿಲ್ಲದು, ದೊಡ್ಡಮಾದಮ್ಮನೇ ಏರಿಯ ಮೇಲೆ ಬಿದ್ದಿದ್ದ ಸೀರೆಯನ್ನು ತಿರುಚಿ ಎಸೆದಳು, ಇಡ್ಕಳಿ ಅಮ್ಮಾರೆ, ಭದ್ರವಾಗಿ ಇಡ್ಕಳಿ, ಇನ್ನೊಂದು ತುದಿಯನ್ನು ಸೋಮೇಶ ಬೇಲಿಯ ಕಲ್ಲುಕಂಬಕ್ಕೆ ಸುತ್ತಿ ಎಳೆದ, ಸೀರೆ ಪರ್ ಅಂತ ಹರಿಯುತ್ತ ಹರಿಯುತ್ತಲೇ ಇಬ್ಬರನ್ನೂ ಮೇಲೆ ತಂದಿತು. ಅಷ್ಟೇ. ಬಂದವರಿಗೆಲ್ಲ ಹೀಗೇ ಹೇಳಿದ್ದಾಳೆ. ಎರಡು ಆಮೇಲೆಗಳ ನಡುವೆ ಒಂದು ಸಂದಿದೆ, ಅದನ್ನು ಹಾರಿಯೇ ಹೇಳುತ್ತಾಳೆ, ಹಾರಿಯೇ ಯೋಚಿಸುತ್ತಾಳೆ, ರಾತ್ರಿಯಿಂದ ನಾಲಿಗೆ ಮುರಿದ ಹಲ್ಲಿನ ಕಡೆಗೆ ಹೋದಂತೆ ಮನಸ್ಸು ಮಾತ್ರ ಅಲ್ಲಿಗೇ ಹೋಗುತ್ತದೆ.

ಅಮ್ಮಾ, ನಿಮ್ಮೋರು ಕರೀತವ್ರೆ, ಅಂದಳು ನರ್ಸು ಬಾಗಿಲಿನಿಂದ. ಮಾಸ್ಕು ತೆಗೆದಿದ್ದರು, ಮೂಗಿನ ಮೇಲೆ ಅದರ ಕೆಂಪು ಗೆರೆ, ಇಷ್ಟು ಸಣ್ಣಗೆ ಯಾವಾಗ ಆದರು, ಅವಳು ಸ್ಟೂಲೆಳೆದುಕೊಂಡು ಕೂತಳು, ಅವರು ಚಾವಣಿ ನೋಡುತ್ತಲೇ ಇದ್ದರು, ಎಲ್ ಕಲ್ತೆ. ದನಿ ತೌಡಿನ ಹಾಗೆ ಒರಟು. ಮಂಗ್ಳೂರಲ್ಲಿ. ಯಾವಾಗ. ಅಲ್ಲಿಗೆ ಹೋದ ಎರಡನೇ ವರ್ಷದಲ್ಲಿ, ಜೆಸಿಂತಾ ಬಾಯಿ ಜೊತೆ, ನೀವು ಬ್ಯಾಂಕಿಗೆ ಹೋದ್ಮೇಲೆ. ಎಷ್ಟ್ ದಿನ. ಊರಿಗೆ ಬರೋ ತನಕ. ಹೇಳಿಯಾಯಿತು, ಈಗ ಬೈಯುತ್ತಾರೆ, ಬೈಯಲಿ, ಇಷ್ಟು ವರ್ಷ ನನ್ ಕಣ್ಣಿಗೆ ಮಣ್ಣೆರಚಿದ್ಯಾ ಅನ್ನಲಿ, ಅಂದರೆ ಅವಳಲ್ಲೂ ಮಾತಿದೆ, ನೀವು ಯಾವತ್ತಾದ್ರೂ ನನ್ನ ಕಡೆ ನೋಡಿದ್ರಾ ಅಂತ ಒಂದೇ ಒಂದು ಮಾತು, ಅದನ್ನು ಬಾಯಿಯವರೆಗೆ ತಂದು ಇಟ್ಟುಕೊಂಡಳು. ಅವರು ಬೈಯಲಿಲ್ಲ. ಕೆಮ್ಮಿದರು, ಕೆಮ್ಮು ನಿಲ್ಲಲಿ ಅಂತ ಕಾದರು, ಅದ್ಕೇಯಾ, ಅಂದರು. ಏನ್ರೀ. ನಿನ್ ಕೂದ್ಲು, ಯಾವಾಗ್ಲೂ ಬ್ಲೀಚಿಂಗ್ ಪೌಡರ್ ವಾಸ್ನೆ ಬರ್ತಿತ್ತು, ನೀರಿಗೆ ಜಾಸ್ತಿ ಸುರೀತವ್ರೆ ಅನ್ಕಂಡೆ, ಬೈತಲೆ ತಾವ ಕೂದ್ಲು ಉದುರ್ತಿತ್ತಲ್ಲ ನಿಂಗೆ, ಕಾರ್ಪೊರೇಷನ್ ಆಫೀಸಿಗೋಗಿ ಜಗಳಾನೂ ಆಡ್ಕಂಬಂದೆ, ಅವರು ನಿಮ್ಮೊಬ್ಬರ ಮನೇಗೆ ಬೇರೆ ನೀರು ಬರ್ತದಾ ಸಾರ್ ಅಂತ ನಕ್ಕುಬುಟ್ರು, ಬಚ್ಚಲ ನಲ್ಲಿಗೆ ಫಿಲ್ಟರು ಹಾಕಿಸಿದ್ದು ಮತ್ಯಾಕೆ ಅನ್ಕಂಡಿದ್ದೆ ನೀನು — ನಗಲು ಹೋಗಿ ಮತ್ತೆ ಕೆಮ್ಮಿದರು, ಅವರ ಕೈ ಹೊದಿಕೆಯ ಮೇಲೆ ಅವಳ ಕಡೆಗೆ ಸರಿಯಿತು, ಅದರ ಮೇಲೆ ತನ್ನ ಕೈ ಇಡಬೇಕು, ಇಡಬೇಕು ಅಂದುಕೊಂಡಳು, ಫಿಲ್ಟರು, ಹೌದು, ಬಿಳಿ ಕೊಳವೆಯಂಥದ್ದು, ಇವರಿಗೆ ಏನಾದರೊಂದು ಸಾಮಾನು ತರೋ ಹುಚ್ಚು ಅಂದುಕೊಂಡಿದ್ದಳು, ನೋಡಿದ್ದರು, ಬೈತಲೆ ತಾವ ಅಂತ ಜಾಗ ಸಮೇತ ಹೇಳುತ್ತಿದ್ದಾರೆ, ಬಾಯಲ್ಲಿ ಇಟ್ಟುಕೊಂಡ ಮಾತು ಈಗ ಎಲ್ಲಿ ಉಗುಳುವುದು, ಬಿಂದು ಬರುವ ಹೊತ್ತಾಯಿತು, ಅವಳು ಕೇಳುತ್ತಾಳೆ, ಅಮ್ಮಾ ಮೊದಲಿಂದ ಹೇಳು, ಇವಳು ಹೇಳುತ್ತಾಳೆ, ಕತ್ತು ಹಿಡಿದರು, ಕೆಳಕ್ಕೆ ಹೋದೆ, ಬಿಟ್ಟರು, ಆಮೇಲೆ, ಆಮೇಲೆ ಅಲ್ಲಿ ಕೆಳಗೆ ಸದ್ದಿರಲಿಲ್ಲ, ಬಟ್ಟಲು ಮುಚ್ಚಿಟ್ಟ ಹಾಗೆ, ಉಸಿರು ಇನ್ನೂ ಇತ್ತು, ಬೇಕಾದಷ್ಟಿತ್ತು, ಯಾರೂ ಕರೆಯುತ್ತಿರಲಿಲ್ಲ, ಅವಸರವೇ ಇರಲಿಲ್ಲ, ತಲೆಯೆತ್ತಿ ನೋಡಿದಳು, ಹಸಿರು ಬೆಳಕಿನಲ್ಲಿ ಮೇಲೆ ಅವರ ಎರಡು ಅಂಗಾಲು, ಬೆಳ್ಳಗೆ, ಎಳೆ ಮಗುವಿನದರ ಹಾಗೆ, ಮೆಟ್ಟಿಲಿಲ್ಲದ ಕಡೆ ಮೆಟ್ಟಿಲು ಹುಡುಕುತ್ತ, ಬಲಗಾಲು, ಎಡಗಾಲು, ಬಲಗಾಲು, ಆಮೇಲೆ ನಿಧಾನವಾಗಿ, ಎಡಗಾಲು, ಅವಳು ನೋಡುತ್ತಿದ್ದಳು, ಬೆಳ್ಳಗೆ ಎರಡು ಅಂಗಾಲು, ನೋಡುತ್ತಲೇ ಇದ್ದಳು