ಸೂತಕದ ಕೆಂಡ

ಅಪ್ಪನ ಕಾಲಿಗೆ ಹುಲ್ಲಿನ ಮೆಟ್ಟು ಕಟ್ಟುತ್ತಿದ್ದ ಇನಮೆಗೆ, ಗಂಟು ಬಿಗಿಯಾಯಿತೇನೋ, ನೋಯುತ್ತದೇನೋ ಎಂಬ ಅಳುಕು. ಸತ್ತವರಿಗೆ ನೋವೆಲ್ಲಿ? ನಕ್ಕಾರೆಂದು ಯಾರಿಗೂ ಹೇಳದೆ, ಗಂಟನ್ನು ಒಂಚೂರು ಸಡಿಲಿಸಿದಳು.

"ಬೇಗ ಮುಗ್ಸು ಕೂಸೇ," ಊರ ಯಜಮಾನ ಉಶಿಕೈ ಹೊಸಿಲಾಚೆಯಿಂದಲೇ ಪಿಸುಗುಟ್ಟಿದ. "ರಾಜಧಾನಿಯೋರು ಬೆಟ್ಟ ಹತ್ತೋಕೆ ಹೊರಟು ನಿಂತವ್ರೆ. ಯಾರಾದ್ರೂ ಕೇಳಿದ್ರೆ, ನಿಮ್ಮಪ್ಪ ಬಿಸಿಲೇರಿದ ಮೇಲೆ ಹೋದ ಅನ್ನು."

"ಬೆಳಕು ಹರಿಯೋ ಮುಂಚೇನೇ ಹೋದ್ನಲ್ಲಪ್ಪ," ಎಂದಳು ಸೋದರತ್ತೆ ತೊಜಿಮೆ.

"ನಂಗೊತ್ತಿಲ್ವಾ? ಇವಳು ಹೆಣ ತೊಳೆಯೋ ನೀರಿಗೆ ಹೋದಾಗ ಆ ರಾಜಧಾನಿಯೋರ ಅಡುಗೆಯೋನು ಹೇಳದೆ ಕೇಳದೆ ಇದೇ ಒಲೆ ಕೆಂಡ ಒಯ್ದು ಗಂಜಿ ಬೇಯಿಸವ್ನೆ, ಹಾಳಾದೋನು. ಸಾವಿನ ಮನೆ ಬೆಂಕೀಲಿ ಬೆಂದದ್ದು ಉಂಡೋರು ಮಿತಾಕೆ ಬೆಟ್ಟ ಹತ್ತೋ ಹಾಗಿಲ್ಲ. ಹಾಸಿಗೆ ಹಿಡಿದಿರೋ ದೊರೆಯ ಹರಕೆ ಕೆಡಿಸಿದ್ರು ಅಂತ ನಮ್ಮ ತಲೆ ಉರುಳುತ್ತೆ. ಕೆಂಡ ಒಯ್ದಾಗ ಇವನಿನ್ನೂ ಬದುಕಿದ್ದ ಅಂತಾಗ್ಬೇಕು."

"ಬದುಕಿರೋತನಕ ಜನಾನ ಬೆಟ್ಟ ಹತ್ತಿಸ್ದ, ಸತ್ತು ಇಳಿಸ್ತಾವ್ನೆ ನಮ್ಮಣ್ಣ," ಅತ್ತೆ ಮೂಗು ಒರೆಸಿಕೊಂಡಳು.

*

ಅವ್ವ ಸತ್ತ ಬೇಸಿಗೆಯಲ್ಲಿ, ಬೆಟ್ಟದ ದಾರಿ ತೋರಿಸಲು ಬಾ ಎಂದು ಪ್ರಾಂತದ ಅಧಿಕಾರಿ ಅಪ್ಪನಿಗೆ ಹೇಳಿಕಳಿಸಿದ್ದ. ಮನೆಯಲ್ಲಿ ಹಿಡಿ ನವಣೆಯೂ ಇರಲಿಲ್ಲ. ಸೂತಕವೆಂದು ಅಪ್ಪ ಕದಲಲಿಲ್ಲ. ಬಂದವರು ಕೋಲಿನಲ್ಲಿ ಬಾರಿಸಿದರೂ ಏಳಲಿಲ್ಲ. ಬೆನ್ನಿಗೆ ಸೊಪ್ಪು ಅರೆದು ಹಚ್ಚುತ್ತಿದ್ದ ಮಗಳಿಗೆ ಇಷ್ಟೇ ಅಂದಿದ್ದ: "ಬೆಟ್ಟಕ್ಕೆ ಮೋಸ ಮಾಡಿ, ನಾಳೆ ಯಾವ ಮುಖ ಹೊತ್ಕೊಂಡು ಹತ್ಲಿ, ಕೂಸೇ?"

ಹೆಂಗಸರು ಹತ್ತುವಂತಿಲ್ಲದ ಆ ಬೆಟ್ಟವನ್ನು ಅವಳು ಅಪ್ಪನ ಮುಖದಲ್ಲೇ ನೋಡಿಕೊಂಡು ಬೆಳೆದಿದ್ದಳು.

*

ಹೊಳೆಯ ತಿರುವಿನಲ್ಲಿ ಚಟ್ಟಕ್ಕೆ ರಾಜದೂತನ ಗುಂಪು ಎದುರಾಯಿತು. ಬಿಳಿಯುಟ್ಟ ದೂತ, ವ್ರತದಿಂದ ಸೊರಗಿದ ಎಳೆಮುಖದವನು, ಗಕ್ಕನೆ ನಿಂತ.

"ಯಾರ ಹೆಣ?"

"ದಾರಿ ತೋರಿಸೋ ಹಿರೋಟಾರಿ, ಬುದ್ಧಿ." ಉಶಿಕೈ ಮಣ್ಣಿಗೆ ಹಣೆ ಹಚ್ಚಿದ. "ಈಗ ತಾನೆ, ಬಿಸಿಲೇರಿದ ಮೇಲೆ ಹೋದ. ತಮಗೇನೂ ತಾಕಿಲ್ಲ."

"ಈಗ ಹೋದೋನನ್ನ ಆಗಲೇ ಹೊತ್ತು ತಂದ್ರಾ?" ದೂತ ಚಟ್ಟದತ್ತ ನೋಡಿದ. "ಇವನ ಮಕ್ಕಳು ಯಾರು?"

ಕಾವಲಿನವನ ಕೈ ಕತ್ತಿಯ ಹಿಡಿಗೆ ಹೋಯಿತು. ಅತ್ತೆ ಇನಮೆಯ ತೋಳನ್ನು ಚಿವುಟಿ ಹಿಡಿದಳು. ಉಶಿಕೈ ಬಗ್ಗಿದಲ್ಲಿಂದಲೇ ಕಣ್ಣು ಕೆಂಪಗೆ ಮಾಡಿದ.

"ನೀನಾ? ಹೇಳು ತಾಯಿ," ದೂತ ಇನಮೆಯತ್ತ ತಿರುಗಿ ಮೆಲ್ಲಗೆ ಅಂದ. "ಮೇಲೆ ಹೋಗಿ ದೊರೆ ಹೆಸರಲ್ಲಿ ಕೈ ಮುಗಿಯಬೇಕಾದೋನು ನಾನು."

ಹೊರಗಿನವರೆದುರು ದನಿ ಎತ್ತಿದವಳಲ್ಲ ಇನಮೆ. ನೆಲ ನೋಡಿದಳು. ಮತ್ತೆ ತಲೆಯೆತ್ತಿದಾಗ ದೂತನ ತುಟಿಯಂಚಿನಲ್ಲಿ ಗಂಜಿಯ ಬಿಳಿ ಗೆರೆಯೊಂದು ಒಣಗಿ ನಿಂತದ್ದು ಕಂಡಿತು.

"ತಾವು ಉಂಡ ಗಂಜಿ, ಬುದ್ಧಿ, ನಮ್ಮಪ್ಪನ ಹೆಣದ ಪಕ್ಕದ ಬೆಂಕೀಲಿ ಬೆಂದದ್ದು."